ಅಂಗಿ ಒತ್ತೆ ಇಟ್ಟುಕೊಳ್ಳುವ ಅಜ್ಜಿ

ಕೀಲುಂಗ್ ಬಂದರಿನಲ್ಲಿ ಬೆಳಗಾದದ್ದು ಕಣ್ಣಿಗೆ ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ. ಇರುಳೆಲ್ಲ ಕೂಗಿದ ಮೀನುಪೇಟೆಯ ಹರಾಜುದಾರರು ಬಾಯಿ ಮುಚ್ಚಿದರೆಂದರೆ ಬೆಳಗಾಯಿತು. ಮಳೆ ಬಾಯಿ ಮುಚ್ಚುವುದಿಲ್ಲ. ಅದನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಆ ಹೊತ್ತಿಗೆ ಪೇಟೆಯ ಹಿಂದಿನ ಓಣಿಯಲ್ಲಿ ಕಾನ್ ಸಿಯುಕ್ವಿ ತಮ್ಮ ಅಂಗಡಿಯ ಕಬ್ಬಿಣದ ಸುರುಳಿ ಬಾಗಿಲನ್ನು ಸೊಂಟದವರೆಗೆ ಮಾತ್ರ ಎತ್ತುತ್ತಾರೆ. ಪೂರ್ತಿ ಎತ್ತಿದರೆ ಅದು ಬಟ್ಟೆ ರಿಪೇರಿ ಅಂಗಡಿ: ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು. ಅರ್ಧ ಎತ್ತಿದರೆ ಬೆದರು ಇಳಿಸುವ ಜಾಗ.

‘ಇಷ್ಟು ಬಗ್ಗಿ ಬರಬೇಕಲ್ಲ ಅಜ್ಜಿ’ ಎಂದು ಯಾರಾದರೂ ಗೊಣಗಿದರೆ ಉತ್ತರ ಸಿದ್ಧವಿದೆ. ‘ನೆಟ್ಟಗೆ ನಿಲ್ಲೋಕೆ ಆಗೋ ಹಾಗಿದ್ರೆ ನೀನು ಇಲ್ಲಿಗ್ಯಾಕೆ ಬರ್ತಿದ್ದೆ?’

ಎಪ್ಪತ್ತು ದಾಟಿದ ಸಣ್ಣ ಮೈ. ಅದರ ಮೇಲೆ ಹತ್ತಿ ತುಂಬಿದ, ಕೆಂಪು ಹೂವುಗಳ ಜಾಕೀಟು. ಊರಿನ ಬಟ್ಟೆಯನ್ನೆಲ್ಲ ಸರಿಪಡಿಸುವವರ ಜಾಕೀಟಿಗೆ ಒಂದು ಗುಂಡಿ ಮಾತ್ರ ಬೇರೆ ಬಣ್ಣದ್ದು. ಕರುಣೆಯ ದೇವತೆ ಕ್ವಾನ್‌ಯಿನ್ ತಾಯಿಯ ಪಟದ ಮುಂದೆ ಊದುಬತ್ತಿ ಹಚ್ಚಿ, ಲೋಟದ ತುಂಬ ಅಕ್ಕಿ ಸುರಿದು, ಅಂಗೈಯಿಂದ ಸವರಿ ಮಟ್ಟ ಮಾಡಿದರೆಂದರೆ ದಿನ ಶುರುವಾಯಿತು.

ಇಂದು ಮೊದಲು ಬಗ್ಗಿ ಬಂದವಳು ಬೀಹುನ್. ಪೇಟೆಯಲ್ಲಿ ಮೀನಿನ ಪೊರೆ ಹೆರೆಯುವ ಹೆಣ್ಣುಮಗಳು. ರಬ್ಬರ್ ಬೂಟು ಹಾಗೇ ಇದೆ, ಮೊಣಕೈಯಲ್ಲಿ ಪೊರೆ ಹೊಳೆಯುತ್ತಿದೆ. ಪ್ಲಾಸ್ಟಿಕ್ ಚೀಲದಿಂದ ಒಂದು ನೀಲಿ ಅಂಗಿ ತೆಗೆದಳು. ಬಂದರಿನ ಕೆಲಸಗಾರರಿಗೆಲ್ಲ ಕೊಡುವ ಅದೇ ನೀಲಿ. ಈ ಓಣಿಯ ಅರ್ಧ ಮನೆಗಳ ಗಳುವಿನ ಮೇಲೆ ಒಣಗದೆ ತೂಗುವ ನೀಲಿ.

‘ಯಾರದು?’

‘ಮನೆಯವರದು. ಆತಿಕ್ ಅಂತ. ಕ್ರೇನ್ ಓಡಿಸ್ತಾರೆ.’

‘ಅವನೆಲ್ಲಿ?’

‘ಬರಲ್ಲ ಅಂದ್ರು. ಗಂಡಸರು ಬರ್ತಾರಾ ಅಜ್ಜಿ ಇಲ್ಲಿಗೆ?’

‘ಯಾಕೆ ಬರಲ್ಲ? ಪ್ಯಾಂಟು ಹೊಲಿಸೋ ನೆಪ ಮಾಡ್ಕೊಂಡು ಬರ್ತಾರೆ. ಉದ್ದ ಕಡಿಮೆ ಮಾಡಿಸ್ಕೊಂಡು ಮಾಡಿಸ್ಕೊಂಡು ಕೆಲವರದ್ದು ಚಡ್ಡಿ ಆಗಿದೆ.’

ಬೀಹುನ್ ನಗಲಿಲ್ಲ. ಹಿಂದೆ ಕಾಯುತ್ತಿದ್ದ ಹರಾಜುದಾರ ಗೋಹ್ ನಕ್ಕ; ಇರುಳೆಲ್ಲ ಕೂಗಿ ಬೆಳಿಗ್ಗೆ ನಿದ್ದೆ ಬಾರದ ಅವನು ಇಲ್ಲಿನ ಕಾಯಂ ಗಿರಾಕಿ. ಆಕೆ ಅವನಿಗೆ ಬೆನ್ನು ತಿರುಗಿಸಿ ಸಣ್ಣ ದನಿಯಲ್ಲಿ ಹೇಳಿದ್ದು ಇಷ್ಟು. ಈ ಚಳಿಗಾಲದ ಮೊದಲಲ್ಲಿ ಬಂದರಿನಲ್ಲಿ ಪೇರಿಸಿದ ಕಬ್ಬಿಣದ ಪೆಟ್ಟಿಗೆಗಳ ಮೇಲಿಂದ ಬುನ್‌ಲಿಯೊಂಗ್ ಎಂಬ ಕೆಲಸಗಾರ ಮಳೆಯಲ್ಲಿ ಜಾರಿ ಬಿದ್ದು ತೀರಿಕೊಂಡ. ಆತಿಕ್ ಕ್ರೇನಿನ ಗಾಜಿನ ಗೂಡಿನಿಂದ ಅದನ್ನು ನೋಡಿದ. ಕೂಗಿದರೂ ಕೇಳದಷ್ಟು ಎತ್ತರ. ಅಂದಿನಿಂದ ನಿದ್ದೆ ಇಲ್ಲ, ಊಟ ಸೇರದು, ಗೋಡೆಯ ಕಡೆ ಮುಖ ಮಾಡಿ ಕೂತರೆ ಕೂತೇ ಇರುತ್ತಾನೆ.

‘ದೊಡ್ಡಾಸ್ಪತ್ರೆಗೆ ಹೋಗೋಣ ಅಂದ್ರೆ, ಮನೋರೋಗದ ಡಾಕ್ಟ್ರ ಹತ್ರ ಹೋದೆ ಅಂತ ಗೊತ್ತಾದ್ರೆ ಮತ್ತೆ ಕ್ರೇನ್ ಕೊಡಲ್ಲ ಅಂತಾರೆ. ಇವತ್ತಿಗೆ ರಜೆ ಮುಗೀತು. ಹೋಗ್ಲೋ ಬೇಡ್ವೋ ಅಂತ ಕೂತಿದಾರೆ. ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಹೋಗ್ತಾರೆ, ಅಜ್ಜಿ.’

‘ತೊಟ್ಟ ಅಂಗಿ ತಾನೆ? ಒಗೆದದ್ದು ಆಗಲ್ಲ.’

‘ತಲೆದಿಂಬಿನ ಕೆಳಗೆ ಇಟ್ಕೊಂಡೇ ಮಲಗ್ತಾರೆ. ನನಗೆ ಮುಟ್ಟೋಕೂ ಬಿಡಲ್ಲ. ಬಚ್ಚಲಿಗೆ ಹೋದಾಗ ಎಳ್ಕೊಂಡು ಓಡಿ ಬಂದೆ.’

ಅಜ್ಜಿ ಅಂಗಿಯನ್ನು ಲೋಟಕ್ಕೆ ಸುತ್ತಿ ಹಿಂದೆ ಬಿಗಿದು ತಿರುಚಿದರು. ಗಂಟನ್ನು ತಲೆಕೆಳಗು ಮಾಡಿ ಊದುಬತ್ತಿಯ ಹೊಗೆಯ ಮೇಲೆ ಆಡಿಸುತ್ತ ಕರೆಯತೊಡಗಿದರು: ಹೆಸರು, ಹುಟ್ಟಿದ ವರ್ಷದ ರಾಶಿಪ್ರಾಣಿ, ಮನೆಯ ವಿಳಾಸ. ಮನುಷ್ಯನೊಳಗೆ ಮೂರು ಆತ್ಮ, ಏಳು ಪ್ರಾಣ. ಬೆಚ್ಚಿಬಿದ್ದರೆ ಅವುಗಳಲ್ಲೊಂದು ಜಾರಿ ಬಿದ್ದಲ್ಲೇ ಉಳಿಯುತ್ತದೆ. ಅದನ್ನು ಮನೆಗೆ ಕರೆಯಬೇಕು. ವಿಳಾಸದ ವಿಷಯದಲ್ಲಿ ಅಜ್ಜಿ ಅಂಚೆಯವನಿಗಿಂತ ಕಟ್ಟುನಿಟ್ಟು. ‘ಮೂರನೇ ಮಹಡಿ ಅಂದ್ರೆ ಮೂರನೇ ಮಹಡಿ ಅಂತಲೇ ಹೇಳಬೇಕು. ಹೋಗಿ ಪಕ್ಕದ ಮನೇಲಿ ಕೂತ್ಕೊಂಡ್ರೆ ನನ್ನನ್ನ ಕೇಳಬೇಡಿ’ ಎನ್ನುತ್ತಾರೆ. ‘ಆತಿಕ್, ಬಾ, ಮನೆಗೆ ಬಾ, ಈ ಅಂಗಿಯೊಳಗೆ ಬಾ’ ಎಂದು ದನಿ ಏರಿಸಿ, ಗಂಟು ಬಿಚ್ಚಿದರು.

ಬೆದರಿದವರ ಅಕ್ಕಿ ಒಂದು ಕಡೆ ಕುಸಿದಿರುತ್ತದೆ, ಇನ್ನೊಂದು ಕಡೆ ಕಾಳು ಎದ್ದು ನಿಂತಿರುತ್ತದೆ. ಈ ಅಕ್ಕಿ ಮಾತ್ರ ಈಗಷ್ಟೇ ಅಂಗೈಯಿಂದ ಸವರಿದ ಹಾಗೆ ಮಟ್ಟವಾಗಿದೆ. ಒಂದು ಕಾಳೂ ಅಲುಗಿಲ್ಲ. ಅಜ್ಜಿ ಲೋಟವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಹಿಂದೆ ಎಳೆಮಗುವೊಂದು ಕಿರುಚುತ್ತಿತ್ತು, ಗೋಹ್ ಕೆಮ್ಮುತ್ತಿದ್ದ.

‘ಏನೂ ಇಲ್ಲ ಕಣೇ’ ಎಂದರು. ‘ಎಲ್ಲಾ ನೆಲೆಯಾಗಿದೆ. ಇದು ಬರೀ ದಣಿವಿರಬೇಕು.’

ಬೀಹುನ್ ಮುಖ ಅರಳಿದ ರೀತಿಗೆ ಓಣಿಯ ದೀಪ ಆರಿಸಬಹುದಿತ್ತು. ಅಜ್ಜಿ ಅಂಗಿಯ ಕಾಲರಿನ ಒಳಗೆ ತಾಯಿಯ ಕೆಂಪು ಮುದ್ರೆ ಒತ್ತಿದರು. ಮಡಿಸುವಾಗ ಕೈತುದಿಯ ಪಟ್ಟಿಯಲ್ಲಿ ಹಸಿರು ದಾರದ ಹೊಲಿಗೆ ಕಂಡಿತು. ತಮ್ಮದೇ ಕೈ. ಚೆನ್ನಾಗಿ ಬಾಳಿದೆ ಅಂದುಕೊಂಡರು. ‘ಹೋಗಿ ಈಗ್ಲೇ ತೊಡಿಸು. ಮೈಶಾಖ ತಾಗಬೇಕು. ತೊಟ್ಟೇ ಕೆಲಸಕ್ಕೆ ಹೋಗ್ಲಿ.’

ಆಕೆ ಬಗ್ಗಿ ಹೊರಗೋಡಿದಳು. ಬೂಟಿನ ಸದ್ದು ಓಣಿಯ ಕೊನೆಯವರೆಗೂ ಕೇಳಿಸಿತು.

ಮಗುವಿನ ಸರದಿ ಬೇಗ ಮುಗಿಯುತ್ತದೆ. ಎಳೆಮಕ್ಕಳಿಗೆ ಬೆದರು ಬೇಗ ಹತ್ತುತ್ತದೆ, ಬೇಗ ಇಳಿಯುತ್ತದೆ. ಗೋಹ್‌ನದ್ದು ಮುಗಿಯುವುದೇ ಇಲ್ಲ. ಅವನ ಅಕ್ಕಿಯಲ್ಲಿ ಇವತ್ತೊಂದು ಗುಳಿ ಬಿದ್ದಿದೆ. ಅಜ್ಜಿ ಅದನ್ನೇ ನೋಡುತ್ತ ಸುಮ್ಮನಿದ್ದಾರೆ. ಈ ಸುಮ್ಮನಿರುವುದೇ ಅವರ ವಿದ್ಯೆಯ ಮುಕ್ಕಾಲು ಪಾಲು. ಅಕ್ಕಿ ಹೇಳುವುದು ಕಡಿಮೆ. ಅಕ್ಕಿ ನೋಡುತ್ತ ಕೂತ ಮುದುಕಿಯ ಮುಂದೆ ಬಂದವರು ಹೇಳಿಕೊಳ್ಳುವುದು ಹೆಚ್ಚು.

‘ನೀರಿನ ಕಡೆ ಗುಳಿ ಬಿದ್ದಿದೆ’ ಎನ್ನುತ್ತಾರೆ ಕೊನೆಗೆ.

‘ಬಂದರಲ್ಲಿ ಎಲ್ಲಾ ಕಡೆ ನೀರೇ ಅಲ್ವಾ, ಅಕ್ಕಾ’ ಎಂದು ಗೋಹ್ ನಗುತ್ತಾನೆ. ಆಮೇಲೆ ನಗು ನಿಲ್ಲಿಸಿ, ಅಣ್ಣನ ಮಗ ಹೊಸ ದೋಣಿ ಕೊಂಡಿರುವುದನ್ನೂ, ಗಾಳಿ ಎದ್ದ ದಿನ ತಾನು ಹರಾಜಿನ ನಡುವೆ ಬೆಲೆ ಮರೆಯುವುದನ್ನೂ ಹೇಳುತ್ತಾನೆ. ಅಜ್ಜಿ ಕೇಳುತ್ತಾರೆ. ಎರಡು ಚಿಟಿಕೆ ಅಕ್ಕಿಯನ್ನು ಕೆಂಪು ಕಾಗದದಲ್ಲಿ ಮಡಿಸಿ ಕೊಡುತ್ತಾರೆ. ಅವನು ಕೊಡುವ ಕಾಣಿಕೆಯ ಕೆಂಪು ಲಕೋಟೆಯನ್ನು ಅವನೆದುರು ಬಿಚ್ಚುವುದಿಲ್ಲ. ಕೆಲವು ಲಕೋಟೆಗಳಲ್ಲಿ ಏನೂ ಇರುವುದಿಲ್ಲ, ಅದು ಅವರಿಗೂ ಗೊತ್ತು.

ಎಲ್ಲವೂ ಅಕ್ಕಿಯಲ್ಲಿ ಇಳಿಯುವುದಿಲ್ಲ ಎಂಬುದೂ ಗೊತ್ತು. ಕಿವಿಯಲ್ಲಿ ಯಾರೋ ಬೈಯುತ್ತಾರೆ ಎನ್ನುವವರು, ಹೆತ್ತ ಕೂಸನ್ನು ಮುಟ್ಟಲು ಹೆದರುವವರು, ಇದ್ದದ್ದನ್ನೆಲ್ಲ ನೆಂಟರಿಗೆ ಹಂಚಿ ತಣ್ಣಗೆ ಕೂತವರು ಬಂದಾಗ ಅಜ್ಜಿ ಅಕ್ಕಿ ಆಡಿಸುತ್ತಾರೆ, ಆದರೆ ಅಂಗಿ ವಾಪಸ್ ಕೊಡುವುದಿಲ್ಲ. ಗೋಡೆಯ ಮೊಳೆಗೆ ತಗುಲಿಹಾಕುತ್ತಾರೆ. ‘ಅರ್ಧ ಕೆಲಸ ನಂದು, ಅರ್ಧ ಆಸ್ಪತ್ರೇದು. ಅಲ್ಲಿ ಹೋಗಿ ಬಾ, ಆಮೇಲೆ ಅಂಗಿ ತಗೋ.’ ಜೀವ ಅಂಗಿಯಲ್ಲಿದೆ ಎಂದು ನಂಬಿದವನು ಅಂಗಿ ಬಿಟ್ಟು ಎಷ್ಟು ದಿನ ಇರುತ್ತಾನೆ? ಬೈಯುತ್ತಾನೆ, ಅಳುತ್ತಾನೆ, ಕೊನೆಗೆ ಗುಡ್ಡದ ಮೇಲಿನ ದೊಡ್ಡಾಸ್ಪತ್ರೆಯ ಬಸ್ಸು ಹತ್ತುತ್ತಾನೆ. ಓಣಿಯವರು ಕೇಳಿದರೆ ಹೇಳಿಕೊಳ್ಳಲು ತೊಂದರೆಯೂ ಇಲ್ಲ: ಅಂಗಿ ಹೊಲಿಗೆಗೆ ಕೊಟ್ಟಿದೆ.

ಆಸ್ಪತ್ರೆಯ ಮನೋರೋಗ ವಿಭಾಗದ ನರ್ಸ್ ಮೆಂಗ್‌ಜು ಹೊರರೋಗಿಗಳ ಸಾಲು ಕರಗಿದ ಮೇಲೆ ಫೋನು ಮಾಡುತ್ತಾಳೆ. ರೋಗಿಗಳ ಹೆಸರು ಹೇಳುವಂತಿಲ್ಲ, ಹೇಳುವುದೂ ಇಲ್ಲ. ‘ಅಜ್ಜಿ, ಹಳದಿ ಪಟ್ಟೆ ಬನಿಯನ್ ಬಂತು. ಮಾತ್ರೆ ತಗೊಂಡ್ತು. ಕೊಟ್ಬಿಡಿ.’ ‘ಬಿಳಿ ಶರ್ಟು ಇವತ್ತೂ ಬಂದಿಲ್ಲ ಅಜ್ಜಿ.’ ಬಿಳಿ ಶರ್ಟು ಬಾರದ ದಿನ ಅಜ್ಜಿ ಮಧ್ಯಾಹ್ನದ ಗಂಜಿಯನ್ನು ಅರ್ಧಕ್ಕೆ ಬಿಡುತ್ತಾರೆ.

ಅಲ್ಲಿನ ಡಾಕ್ಟರ್ ಯೂ ಮೊದಮೊದಲು ಮೂಗು ಮುರಿದವರೇ. ‘ಒಬ್ಬ ಬಂದು, ಪರೀಕ್ಷೆ ಬೇಗ ಮುಗಿಸಿ, ನನ್ನ ಅಂಗಿ ಬಿಡಿಸ್ಕೋಬೇಕು ಅಂದ. ಹೊಸ ಲಕ್ಷಣ ಅಂದ್ಕೊಂಡು ಬರ್ಕೊಂಡೆ’ ಎಂದು ನಗುತ್ತಾರೆ. ‘ಎರಡನೆಯವನೂ ಅದನ್ನೇ ಹೇಳಿದಾಗ ಓಣಿ ಹುಡುಕ್ಕೊಂಡು ಹೋದೆ. ಜೀವ ಜಾರಿ ಬೀಳುತ್ತೆ ಅನ್ನೋದರ ಬಗ್ಗೆ ನನಗೂ ಅಜ್ಜಿಗೂ ಇವತ್ತಿಗೂ ಒಮ್ಮತ ಇಲ್ಲ. ಜನ ನಮ್ಮ ಬಾಗಿಲಿಗೆ ತಡವಾಗಿ ಬರ್ತಾರೆ ಅನ್ನೋದರ ಬಗ್ಗೆ ಇದೆ. ಅಷ್ಟು ಸಾಕಾಯ್ತು.’

ಈ ಬುದ್ಧಿ ಅಜ್ಜಿಗೆ ಅತ್ತೆಯಿಂದ ಬಂದದ್ದಲ್ಲ. ಅತ್ತೆಯಿಂದ ಬಂದದ್ದು ಅಕ್ಕಿ. ಮದುವೆಯಾದ ಹೊಸತರಲ್ಲಿ ಗಂಡ ದೂರಸಮುದ್ರದ ಮೀನು ಹಡಗಿನಿಂದ ಮರಳಿದ್ದು ನಡುಗುತ್ತ. ಅಲೆಯೊಂದು ಡೆಕ್ಕಿನಿಂದ ಜೊತೆಯವರನ್ನು ಎಳೆದೊಯ್ದಿತ್ತು. ಅತ್ತೆ ದಿನವೂ ಮಗನ ಅಂಗಿಗೆ ಅಕ್ಕಿ ಕಟ್ಟಿದರು. ಡಾಕ್ಟರೆಂದರೆ ಬಾಗಿಲಿಗೆ ಅಡ್ಡ ನಿಂತರು. ಅತ್ತೆ ತೀರಿಕೊಂಡ ಮೇಲೆ ಸೊಸೆ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳು. ನಡುಕ ನಿಂತಿತು, ಆದರೆ ಅಷ್ಟರಲ್ಲಿ ಮಾತೂ ನಿಂತುಹೋಗಿತ್ತು. ಆತ ಬಾಳಿದ್ದಷ್ಟು ಕಾಲ ಬಾಗಿಲಲ್ಲಿ ಕೂತು ಮಳೆ ನೋಡಿದ. ‘ದೇವರೂ ಬೇಕು, ಮನುಷ್ಯರೂ ಬೇಕು ಅಂತ ನಮ್ಮಲ್ಲಿ ಗಾದೆ ಇದೆ’ ಎನ್ನುತ್ತಾರೆ ಅಜ್ಜಿ. ‘ನಮ್ಮತ್ತೆಗೆ ಗಾದೆಯ ಮೊದಲನೇ ಅರ್ಧ ಮಾತ್ರ ಬಾಯಿಗೆ ಬಂದಿತ್ತು.’

ಕೆಲಸದ ಕಷ್ಟ ಕೇಳಿದರೆ ಕೈ ಕೊಡವುತ್ತಾರೆ. ಮಗಳು ಬೇರೆ ಊರಲ್ಲಿದ್ದಾಳೆ, ತಾಯಿ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಟೈಲರ್ ಎಂದು ಹೇಳುತ್ತಾಳೆ. ಓದಿದವರು ಹಗಲಲ್ಲಿ ಮೂಢನಂಬಿಕೆ ಎನ್ನುತ್ತಾರೆ, ಬೆಳಕು ಹರಿಯುವ ಮೊದಲು ಬಗ್ಗಿ ಬರುತ್ತಾರೆ. ‘ಅದೆಲ್ಲ ಕಷ್ಟ ಅಲ್ಲ. ಕಷ್ಟ ಅಂದ್ರೆ, ಬಂದವರು ನನ್ನ ಮಾತು ನಂಬ್ತಾರೆ. ನಂಬದೆ ಇದ್ದಿದ್ರೆ ಹಾಯಾಗಿ ಏನು ಬೇಕಾದ್ರೂ ಹೇಳಬಹುದಿತ್ತು.’

ಬೆಳಕು ಹರಿಯುತ್ತದೆ. ಬಾಗಿಲನ್ನು ಪೂರ್ತಿ ಎತ್ತುವ ಹೊತ್ತು. ಶಾಲೆಯ ಹುಡುಗಿಯೊಬ್ಬಳ ಲಂಗದ ಅಂಚು ಬಿಚ್ಚಿಕೊಂಡಿದೆ. ಅದಕ್ಕೆ ಹಸಿರು ದಾರ ಬೇಕು. ಅಜ್ಜಿ ದಾರದ ಡಬ್ಬಿ ತೆರೆದು ಹಸಿರು ಉಂಡೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ.

ನೀಲಿ ಅಂಗಿಗೆ ಯಾರು ಹಸಿರು ದಾರ ಹಾಕುತ್ತಾರೆ? ಅವರು ಹಾಕಿದ್ದು ಒಮ್ಮೆ ಮಾತ್ರ. ನೀಲಿ ಮುಗಿದಿತ್ತು, ಅಂಗಿಯವನಿಗೆ ಅವಸರವಿತ್ತು. ಒಂದು ತೋಳು ಇನ್ನೊಂದಕ್ಕಿಂತ ತುಸು ಗಿಡ್ಡವಿದ್ದ ಆ ದಾಂಡಿಗ ನಗುತ್ತ ‘ಯಾವ ಬಣ್ಣ ಆದ್ರೂ ಹಾಕಿ ಅಜ್ಜಿ, ಪೆಟ್ಟಿಗೆ ಮೇಲೆ ನಿಂತವನ ಕೈ ಯಾರು ನೋಡ್ತಾರೆ?’ ಎಂದಿದ್ದ. ಅವನ ಹೆಸರು ಬುನ್‌ಲಿಯೊಂಗ್.

ಉಂಡೆ ಕೈಜಾರಿ ಉರುಳಿ ಯಂತ್ರದ ಕೆಳಗೆ ಹೋಗುತ್ತದೆ. ಅಜ್ಜಿ ಅದನ್ನು ನೋಡುವುದಿಲ್ಲ. ‘ಅಕ್ಕಿ ಸರಿಯಾಗೇ ಹೇಳ್ತು’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ‘ಸತ್ತವನಿಗೆ ಯಾವ ಬೆದರು?’

ಆಗಿರುವುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತೀರಿಕೊಂಡವರ ಬಟ್ಟೆಯನ್ನು ಮನೆಯಲ್ಲಿಡುವುದಿಲ್ಲ, ಸುಡುತ್ತಾರೆ. ಸುಡದ ಅಂತಹ ಒಂದು ಅಂಗಿಯನ್ನು ಬದುಕಿರುವ ಒಬ್ಬ ತಲೆದಿಂಬಿನ ಕೆಳಗಿಟ್ಟು ಮಲಗುತ್ತಿದ್ದಾನೆ. ಅದನ್ನು ಗಂಡನದೆಂದು ಹೆಂಡತಿ ತಂದಿದ್ದಾಳೆ. ಅಜ್ಜಿ ಬದುಕಿರುವವನ ಜೀವವನ್ನು ಹೆಸರು ಹಿಡಿದು, ವಿಳಾಸ ತಪ್ಪದೆ, ಸತ್ತವನ ಅಂಗಿಯೊಳಗೆ ಕರೆದಿದ್ದಾರೆ. ಮೇಲೆ ತಾಯಿಯ ಮುದ್ರೆ ಒತ್ತಿದ್ದಾರೆ. ತೊಟ್ಟುಕೊಂಡೇ ಹೋಗಲಿ ಎಂದಿದ್ದಾರೆ. ಇದನ್ನೆಲ್ಲ ನಂಬದ ಡಾಕ್ಟರ್ ಯೂ ಕೂಡ ಈ ಹೊತ್ತಿನಲ್ಲಿ ಇಲ್ಲಿದ್ದಿದ್ದರೆ ಓಡಲು ಚಪ್ಪಲಿ ಹುಡುಕುತ್ತಿದ್ದರು. ನಿದ್ದೆಯಿಲ್ಲದ, ಸತ್ತ ಗೆಳೆಯನ ಅಂಗಿ ಬಚ್ಚಿಟ್ಟುಕೊಂಡ ಮನುಷ್ಯ, ಏನೂ ಇಲ್ಲವೆಂಬ ಭರವಸೆಯ ಮೇಲೆ ಅದೇ ಕ್ರೇನ್ ಹತ್ತಲು ಹೊರಟಿದ್ದಾನೆ.

ಮೈಲಿಗೆ ಕಳೆಯಲು ಚಕ್ಕೋತದ ಎಲೆ ಹಾಕಿದ ನೀರಿನಲ್ಲಿ ಮೊದಲು ಕೈ ತೊಳೆಯಬೇಕು, ಆ ಅಕ್ಕಿ ಚೆಲ್ಲಬೇಕು. ಅಜ್ಜಿ ಯಾವುದನ್ನೂ ಮಾಡುವುದಿಲ್ಲ. ಬೀಹುನ್‌ಗೆ ಫೋನು ಮಾಡುತ್ತಾರೆ. ಮೀನು ಹೆರೆಯುವ ಕೈ ಫೋನು ಎತ್ತುವುದಿಲ್ಲ. ಎದುರಿನ ಅಂಗಡಿಯಲ್ಲಿ ಸೋಯಾ ಹಾಲು ಕುಡಿಯುತ್ತಿದ್ದ ಗೋಹ್‌ನನ್ನು ಕೂಗುತ್ತಾರೆ.

‘ಪೇಟೆಗೆ ಓಡು. ಬೀಹುನ್ ಎಲ್ಲಿದ್ರೂ ಎಬ್ಬಿಸ್ಕೊಂಡು ಬಂದರಿನ ಗೇಟಿಗೆ ಕಳಿಸು.’

‘ಏನಾಯ್ತಕ್ಕಾ? ಹಾಲು ಮುಗಿಸಿ...’

‘ಊರಿಗೆಲ್ಲ ಕೇಳೋ ಗಂಟಲಿದೆಯಲ್ಲ, ಒಂದಿನ ಉಪಯೋಗಕ್ಕೆ ಬರ್ಲಿ. ಓಡು!’

ಗೋಹ್ ಲೋಟ ಇಟ್ಟು ಓಡುತ್ತಾನೆ. ಅಜ್ಜಿ ಬಾಗಿಲನ್ನು ಹಾಗೇ ಬಿಟ್ಟು ಕೊಡೆ ಹಿಡಿದು ಹೊರಡುತ್ತಾರೆ. ಕಾಲುವೆ ದಾಟಿ, ಬಸ್ಸುಗಳು ಕೆಸರು ಚಿಮ್ಮಿಸುವ ರಸ್ತೆ ದಾಟಿ ಬಂದರಿನ ಗೋಡೆಯ ಪಕ್ಕ ನಡೆಯುವಾಗ ಅವರ ಬಾಯಿ ಏನನ್ನೋ ಪಿಟಿಪಿಟಿ ಅನ್ನುತ್ತಿದೆ. ಮಂತ್ರವಿರಬಹುದು. ಹತ್ತಿರದಿಂದ ಕೇಳಿದರೆ ‘ಕಣ್ಣು ಹೋಗಿತ್ತಾ ನಿಂಗೆ, ಕಣ್ಣು ಹೋಗಿತ್ತಾ’ ಎಂಬಂತೆಯೂ ಕೇಳುತ್ತದೆ. ಗೋಡೆಯಾಚೆ ಕ್ರೇನುಗಳ ತುದಿ ಮೋಡದಲ್ಲಿ ಕಾಣುವುದಿಲ್ಲ. ಒಂದು ಮಾತ್ರ ಅಲುಗುತ್ತಿದೆ. ಅದರಲ್ಲಿ ಯಾರಿದ್ದಾರೆಂದು ಕೆಳಗಿನವರಿಗೆ ತಿಳಿಯುವುದಿಲ್ಲ. ಅಜ್ಜಿ ಅದನ್ನೇ ನೋಡುತ್ತ ನಡೆದು ಕಲ್ಲು ಎಡವುತ್ತಾರೆ.

ಗೇಟಿನ ಎದುರಿಗೆ ಅಡಿಕೆ ಮಾರುವ ಗೂಡಂಗಡಿ. ಅದರ ಸೂರಿನ ಕೆಳಗೆ ಅಗಲ ಭುಜದ ಒಬ್ಬ ನಿಂತಿದ್ದಾನೆ. ಪಾಳಿಯವರು ಅವನನ್ನು ದಾಟಿ ಒಳಗೆ ಹೋಗುತ್ತಿದ್ದಾರೆ, ಒಬ್ಬಿಬ್ಬರು ಬೆನ್ನು ತಟ್ಟುತ್ತಾರೆ. ಅವನು ಒಳಗೂ ಹೋಗಿಲ್ಲ, ಹಿಂದಕ್ಕೂ ತಿರುಗಿಲ್ಲ. ಮಳೆಗೆ ನೆನೆದ ಕಾಲರಿನಿಂದ ಕೆಂಪು ಬಣ್ಣ ಕತ್ತಿಗೆ ಇಳಿದಿದೆ.

‘ಆತಿಕ್ ನೀನೇನಾ?’

‘ಹೌದು. ನೀವು...’

‘ನಿನ್ನ ಅಂಗಿ ಅಂತ ಬೇರೆಯವನ ಅಂಗಿಗೆ ಅಕ್ಕಿ ಕಟ್ಟಿದ ಮುದುಕಿ.’

ಅವನ ಕೈ ತಾನಾಗಿ ಹಸಿರು ದಾರದ ಮೇಲೆ ಹೋಗಿ ಅದನ್ನು ಮುಚ್ಚುತ್ತದೆ.

‘ಮುಚ್ಚಬೇಡ. ಆ ಹೊಲಿಗೆ ನಂದೇ’ ಎನ್ನುತ್ತಾರೆ ಅಜ್ಜಿ. ಆಮೇಲೆ ಅಕ್ಕಿಯ ಮುಂದೆ ಕೂತ ಹಾಗೆ ಸುಮ್ಮನಾಗುತ್ತಾರೆ. ಮಳೆಯಲ್ಲಿ, ಲಾರಿಗಳ ಸದ್ದಿನಲ್ಲಿ, ಆ ಸುಮ್ಮನಿರುವಿಕೆಗೆ ಜಾಗ ಮಾಡಿಕೊಳ್ಳುವುದು ಸುಲಭವಲ್ಲ.

‘ಅವತ್ತು ನಂದು ನೆಂದುಹೋಗಿತ್ತು’ ಎನ್ನುತ್ತಾನೆ ಆತಿಕ್, ನೆಲ ನೋಡುತ್ತ. ‘ಹಾಕ್ಕೋ, ನನ್ನ ಹತ್ರ ಇನ್ನೊಂದಿದೆ ಅಂತ ಬಿಚ್ಚಿ ಕೊಟ್ಟ. ನಾಳೆ ಕೊಡು ಅಂದ.’ ತೋಳಿನ ಅಂಚನ್ನು ಎಳೆದುಕೊಳ್ಳುತ್ತಾನೆ. ‘ನಾಳೆ ಕೊಡು ಅಂದ, ಅಜ್ಜಿ. ಯಾರಿಗೆ ಕೊಡ್ಲಿ? ಅವನ ಹೆಂಡ್ತಿಗೆ ಕೊಡೋಣ ಅಂತ ಬಾಗಿಲವರೆಗೆ ಹೋದೆ. ಗಂಟೆ ಒತ್ತೋಕೆ ಆಗ್ಲಿಲ್ಲ. ಸುಡೋಣ ಅಂದ್ರೆ ನಂದಲ್ಲ. ಬೆಳಿಗ್ಗೆ ಇವಳು ಬಂದು, ಏನೂ ಇಲ್ವಂತೆ, ತೊಟ್ಕೊಂಡು ಹೋಗಿ ಅಂತ ಕೈಗೆ ಕೊಟ್ಟಳು. ಸರಿ, ಅಜ್ಜಿನೇ ಹೇಳಿದಾರೆ. ಹೋಗಿ ಅವನ ಕೈಗೇ ಕೊಟ್ಬಿಡೋಣ ಅಂತ ಬಂದೆ.’

ಎಲ್ಲಿ ಹೋಗಿ ಕೊಡುತ್ತೀಯ ಎಂದು ಅಜ್ಜಿ ಕೇಳುವುದಿಲ್ಲ. ಆತ ನೋಡುತ್ತಿರುವುದು ಮೋಡದೊಳಗಿನ ಕ್ರೇನಿನ ತುದಿಯನ್ನು.

‘ಬಿಚ್ಚು’ ಎನ್ನುತ್ತಾರೆ.

‘ಇಲ್ಲೇನಾ?’

‘ಇಲ್ಲೇ. ಈ ಊರಿನ ಅರ್ಧ ಗಂಡಸರ ಸೊಂಟದ ಅಳತೆ ನನ್ನ ಬಾಯಲ್ಲಿದೆ. ನಿನ್ನ ಬೆನ್ನು ನೋಡಿ ನಾಚ್ಕೋತೀನಾ? ಬಿಚ್ಚು, ಮಗಾ.’

ಗುಂಡಿ ಬಿಚ್ಚಲು ಅವನ ಬೆರಳು ಒಪ್ಪುವುದಿಲ್ಲ. ಅಜ್ಜಿಯೇ ಬಿಚ್ಚುತ್ತಾರೆ, ಮೇಲಿಂದ ಒಂದೊಂದಾಗಿ. ಅಡಿಕೆಯಂಗಡಿಯ ಹೆಂಗಸು ಸುಣ್ಣ ಸವರುವುದನ್ನು ನಿಲ್ಲಿಸಿ ನೋಡುತ್ತಾಳೆ. ಅಂಗಿ ಕೈಗೆ ಬಂದ ಕೂಡಲೇ ಅಜ್ಜಿ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

‘ಸತ್ತವರಿಗೆ ವಾಪಸ್ ಕೊಡೋ ದಾರಿ ಬೆಂಕಿ ಒಂದೇ. ನೀನೇ ಕೈಯಾರೆ ಕೊಡಬೇಕು. ಅವನ ಹೆಂಡ್ತೀನೂ ಇರ್ಲಿ, ನಾನೂ ಇರ್ತೀನಿ, ಗಂಟೆ ನಾನೇ ಒತ್ತೀನಿ. ಅಲ್ಲೀವರೆಗೂ ಇದು ನನ್ನ ಗೋಡೆ ಮೇಲಿರುತ್ತೆ. ಈಗ ಗುಡ್ಡದ ಮೇಲೆ ಹೋಗು. ಡಾಕ್ಟರ್ ಯೂ ಅಂತ ಇದಾರೆ. ನನ್ನ ಹತ್ರ ಹೇಳಿದ್ದನ್ನೇ ಹೇಳು. ಕ್ರೇನ್ ತುದಿ ನೋಡಿದ್ಯಲ್ಲ, ಅದನ್ನೂ ಹೇಳು.’

‘ಮತ್ತೆ ಕ್ರೇನ್ ಕೊಡಲ್ಲ, ಅಜ್ಜಿ.’

‘ಕೊಡಬಹುದು, ಕೊಡದೇ ಇರಬಹುದು. ಬೆಳಿಗ್ಗೆ ಒಂದ್ಸಲ ಗೊತ್ತಿಲ್ಲದೇ ಇರೋದನ್ನ ಗೊತ್ತು ಅಂತ ಹೇಳಿದೀನಿ. ಇವತ್ತಿಗೆ ಅಷ್ಟು ಸಾಕು.’

ಅವನು ನಡುಗುತ್ತಿದ್ದಾನೆ, ಚಳಿಯೂ ಇರಬೇಕು. ಅಜ್ಜಿ ತಮ್ಮ ಹೂವಿನ ಜಾಕೀಟು ಬಿಚ್ಚಿ ಅವನ ಭುಜಕ್ಕೆ ಹೊದಿಸುತ್ತಾರೆ. ತೋಳು ಅವನ ಮೊಣಕೈಗೆ ಬಂದು ನಿಲ್ಲುತ್ತದೆ, ಮುಂದಿನ ಗುಂಡಿ ಎದೆಗೆ ಸೇರುವುದಿಲ್ಲ.

‘ಚಳಿಗಾಲಕ್ಕೆ ನನಗಿರೋದು ಇದೊಂದೇ’ ಎನ್ನುತ್ತಾರೆ. ‘ನಾಳೆ ಕೊಡು.’

ಆತಿಕ್ ಮೊದಲ ಬಾರಿಗೆ ಅವರ ಮುಖ ನೋಡುತ್ತಾನೆ.

ಬೀಹುನ್ ಓಡಿ ಬರುವುದು ಆಗಲೇ. ಏಪ್ರನ್ನಿನಲ್ಲಿ ಮೀನಿನ ರಕ್ತ, ಹಿಂದೆ ದೂರದಲ್ಲಿ ಏದುಸಿರು ಬಿಡುವ ಗೋಹ್. ಕೆಂಪು ಹೂವಿನ ಜಾಕೀಟಿನೊಳಗೆ ತುರುಕಿಕೊಂಡ ಗಂಡನನ್ನು ನೋಡಿ ಆಕೆ ನಿಂತುಬಿಡುತ್ತಾಳೆ. ನಗಬೇಕೋ ಅಳಬೇಕೋ ಎಂದು ಮುಖ ತೀರ್ಮಾನಿಸುವ ಮೊದಲೇ ಅಜ್ಜಿ ಟ್ಯಾಕ್ಸಿಗೆ ಕೈ ಅಡ್ಡ ಹಾಕಿದ್ದಾರೆ. ‘ಇವನನ್ನ ಒಬ್ಬನೇ ಬಿಡಬೇಡ. ಬಚ್ಚಲಿಗೂ ಬಿಡಬೇಡ. ಉಳಿದದ್ದು ದಾರೀಲಿ ಅವನೇ ಹೇಳ್ತಾನೆ. ಹತ್ತು.’

ಟ್ಯಾಕ್ಸಿ ಹೋದ ದಿಕ್ಕನ್ನೇ ನೋಡುತ್ತ ಅಜ್ಜಿ ತುಂಬ ಹೊತ್ತು ನಿಲ್ಲುತ್ತಾರೆ. ‘ನಿಂಗೂ ಬೆದರು ಹತ್ತಿದೆ ಅಕ್ಕಾ. ನಿಂದು ಯಾರು ಇಳಿಸ್ತಾರೆ?’ ಎಂದು ಗೋಹ್ ಕೇಳುತ್ತಾನೆ. ಅಜ್ಜಿ ಕೊಡೆ ಹಿಡಿದು ಓಣಿಯ ಕಡೆ ತಿರುಗುತ್ತಾರೆ.

ಅಂಗಡಿಗೆ ಮರಳಿ ಅಂಗಿಯನ್ನು ಮೊಳೆಗೆ ತಗುಲಿಹಾಕಿ, ಬೆಳಗಿನ ಅಕ್ಕಿ ಚೆಲ್ಲಿ, ಚಕ್ಕೋತದ ಎಲೆ ನೆನೆಹಾಕಿದ ನೀರಿನಲ್ಲಿ ಕೈ ತೊಳೆಯುತ್ತಾರೆ. ಮತ್ತೊಮ್ಮೆ ತೊಳೆಯುತ್ತಾರೆ. ಲಂಗದ ಅಂಚಿಗೆ ಕೂರುತ್ತಾರೆ, ಉರುಳಿ ಹೋದ ಹಸಿರು ದಾರ ಹುಡುಕಲು ಏಳುವುದಿಲ್ಲ. ಲಂಗಕ್ಕೆ ಬಂದ ಹುಡುಗಿಯ ತಾಯಿಗೆ ನಾಳೆ ಬಾ ಎನ್ನುತ್ತಾರೆ. ಆಸ್ಪತ್ರೆಗೆ ತಾವೇ ಫೋನು ಮಾಡಬಹುದು, ಮಾಡುವುದಿಲ್ಲ. ಬಂದಿಲ್ಲ ಎಂಬ ಮಾತನ್ನು ಬೇಗ ಕೇಳುವ ಅವಸರ ಯಾರಿಗಿದೆ? ಒಣಮೂಲಂಗಿ ಹಾಕಿದ ಗಂಜಿ ಬಟ್ಟಲಲ್ಲೇ ಕೆನೆಗಟ್ಟುತ್ತದೆ. ಹೊರಗೆ ಟ್ಯಾಕ್ಸಿಯ ಸದ್ದಾದಾಗಲೆಲ್ಲ ತಲೆ ಎತ್ತುತ್ತಾರೆ. ಮೊಳೆಯ ಮೇಲಿನ ನೀಲಿ ಅಂಗಿ ಗಾಳಿಗೆ ಒಂದಿಷ್ಟು ಆಡುತ್ತದೆ. ಆ ಕಡೆ ಬೆನ್ನು ಮಾಡಿ ಕೂರುತ್ತಾರೆ.

ಫೋನು ಬಂದಾಗ ಅವರು ಎತ್ತುವುದು ಎರಡು ಕೈಯಲ್ಲಿ.

‘ಅಜ್ಜಿ, ಹೂವಿನ ಜಾಕೀಟೊಂದು ಬಂದಿದೆ’ ಎನ್ನುತ್ತಾಳೆ ಮೆಂಗ್‌ಜು. ‘ನಿಮ್ಮ ಗೋಡೇದಾ? ಹೊಸ ಮಾಲಿನ ಹಾಗಿದೆ.’

‘ನಂದೇ. ಏನು ಮಾಡ್ತಿದೆ?’

‘ಡಾಕ್ಟ್ರ ಎದುರು ಕೂತು ಅಳ್ತಿದೆ. ಇವತ್ತು ಇಲ್ಲೇ ಇರಿಸ್ಕೋತಾರಂತೆ. ಹೆಂಡ್ತಿ ಜೊತೇಲಿದಾಳೆ. ಆಸ್ಪತ್ರೆ ಅಂಗಿ ಕೊಟ್ರೆ ಬೇಡ ಅಂತಿದೆ ಅಜ್ಜಿ, ಜಾಕೀಟು ಬಿಚ್ಚಲ್ಲ ಅಂತಿದೆ. ನಾಳೆ ವಾಪಸ್ ಕೊಡಬೇಕು, ಕಳೆದುಹೋದ್ರೆ ಅಂತ ಕೇಳ್ತಿದೆ.’

ಅಜ್ಜಿ ಫೋನಿಟ್ಟು ಗಂಜಿಯ ಬಟ್ಟಲನ್ನು ಎಳೆದುಕೊಳ್ಳುತ್ತಾರೆ. ತಣ್ಣಗಾದ ಗಂಜಿಯನ್ನು ಪೂರ್ತಿ ಕುಡಿಯುತ್ತಾರೆ. ತೆಳು ರವಿಕೆಯಲ್ಲಿ ಭುಜ ನಡುಗುತ್ತಿರುವುದು ಆಗ ಅವರಿಗೇ ಗೊತ್ತಾಗುತ್ತದೆ. ನೆರೆಯವಳು ತಂದ ಶಾಲನ್ನು ಕೈಯಲ್ಲೇ ತಳ್ಳುತ್ತಾರೆ.

ಇಷ್ಟು ವರ್ಷ ಊರಿನ ಜೀವ ಕರೆದವರಿಗೆ ತಮಗೆಂದು ಏನು ಬೇಕು ಎಂದು ಕೇಳಿದರೆ, ಬೆಳಿಗ್ಗೆ ಉರುಳಿ ಹೋದ ದಾರದುಂಡೆಯನ್ನು ಮೊದಲು ಯಂತ್ರದ ಕೆಳಗಿಂದ ಹುಡುಕಿ ತೆಗೆಯುತ್ತಾರೆ.

‘ನನಗೇನು ಬೇಕು? ನನ್ನ ಜಾಕೀಟು ಬೇಕು’ ಎನ್ನುತ್ತಾರೆ. ‘ನಾಳೆ ಅಂದಿದೀನಿ. ನಾಳೆ ಅಲ್ದಿದ್ರೆ ನಾಡಿದ್ದು. ಹೆಂಡ್ತಿ ಕೈಲಿ ಕಳಿಸಿದ್ರೆ ನಾನು ಮುಟ್ಟಲ್ಲ. ಬಾಗಿಲು ಅರ್ಧ ಎತ್ತಿರ್ತೀನಿ, ಅವನೇ ಬಗ್ಗಿ ಬಂದು ಕೊಡಬೇಕು. ಅಲ್ಲೀವರೆಗೂ ಚಳಿ ತಡ್ಕೋತೀನಿ.’